ಪೆಟ್ಟಿನ ಲೆಕ್ಕ, ತಪ್ಪಿನ ಲೆಕ್ಕ

ರಸ್ತೆಯಲ್ಲಿ ಬೈಕೊಂದು ಉರುಳಿಬಿದ್ದರೆ ಎರಡು ನಿಮಿಷದೊಳಗೆ ಜನ ಸೇರುತ್ತಾರೆ. ಮೂರನೆಯ ನಿಮಿಷಕ್ಕೆ ‘ಯಾರದಪ್ಪಾ ತಪ್ಪು?’ ಎಂಬ ವಿಚಾರಣೆ ಶುರುವಾಗುತ್ತದೆ. ಕಾರಿನವನು ಇಂಡಿಕೇಟರ್ ಹಾಕಲಿಲ್ಲ, ಹುಡುಗ ಎಡಗಡೆಯಿಂದ ನುಗ್ಗಿದ, ಹಂಪ್‌ಗೆ ಬಣ್ಣ ಬಳಿದಿರಲಿಲ್ಲ, ನಾಯಿ ಅಡ್ಡ ಬಂತು ಎಂದು ಒಬ್ಬೊಬ್ಬರದು ಒಂದೊಂದು ತೀರ್ಪು. ಪೊಲೀಸರು ಬಂದ ಮೇಲೂ ಪ್ರಶ್ನೆ ಬದಲಾಗುವುದಿಲ್ಲ. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಸವೆದ ಸಾಲಾಗಿ ಅದು ಎಫ್‌ಐಆರ್‌ಗೆ ಇಳಿಯುತ್ತದೆ, ಅಲ್ಲಿಂದ ಪರಿಹಾರದ ಮೊಕದ್ದಮೆಯಾಗಿ ವರ್ಷಗಟ್ಟಲೆ ಎಳೆಯುತ್ತದೆ. ಆದರೆ ಅದೇ ಗಾಯಾಳು ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲು ದಾಟಿದ ಕೂಡಲೇ ಬೇರೆಯೇ ಪ್ರಶ್ನೆಗಳು ಎದುರಾಗುತ್ತವೆ. ಹೆಲ್ಮೆಟ್ ಇತ್ತೇ? ಪಟ್ಟಿ ಹಾಕಿದ್ದರೇ? ಓಡಿಸುತ್ತಿದ್ದರೇ, ಹಿಂದೆ ಕೂತಿದ್ದರೇ? ಏನಕ್ಕೆ ಹೋಗಿ ಗುದ್ದಿದರು? ಕುಡಿದಿದ್ದರೇ? ಪ್ರಜ್ಞೆ ತಪ್ಪಿತ್ತೇ, ವಾಂತಿ ಆಯಿತೇ? ಬಿದ್ದು ಎಷ್ಟು ಹೊತ್ತಾಯಿತು? ತಪ್ಪು ಯಾರದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟುವಾಗ ಸಿಗ್ನಲ್ ಯಾರಿಗೆ ಹಸಿರಾಗಿತ್ತು ಎಂಬುದನ್ನು ಅದು ವಿಚಾರಿಸಿಕೊಂಡು ಹೆಪ್ಪುಗಟ್ಟುವುದಿಲ್ಲ.

ರಸ್ತೆಯ ಪ್ರಶ್ನೆಗೂ ಆಸ್ಪತ್ರೆಯ ಪ್ರಶ್ನೆಗೂ ನಡುವಿನ ಈ ಅಂತರವನ್ನು ನಾವು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ಅಪಘಾತ ಯಾಕಾಯಿತು ಎಂಬುದು ಒಂದು ಸಂಗತಿ, ಪೆಟ್ಟು ಯಾಕೆ ಅಷ್ಟು ಜೋರಾಯಿತು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಆಗಿರಬೇಕಿಲ್ಲ, ಬಹಳ ಸಲ ಒಂದೇ ಆಗಿರುವುದೂ ಇಲ್ಲ. ಇದನ್ನು ಮೊದಲು ಸ್ಪಷ್ಟವಾಗಿ ವಿಂಗಡಿಸಿ ತೋರಿಸಿದವರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಪ್ರಮುಖರು. 1960ರ ದಶಕದಲ್ಲಿ ಆ ದೇಶದ ರಸ್ತೆ ಸುರಕ್ಷತೆಯ ಸರ್ಕಾರಿ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ಅವರು ಪ್ರತಿ ಅಪಘಾತವನ್ನೂ ಮೂರು ಹೊತ್ತಾಗಿ ಒಡೆದರು: ಆಗುವುದಕ್ಕೆ ಮುಂಚೆ, ಆಗುವಾಗ, ಆದ ಮೇಲೆ. ಪ್ರತಿ ಹೊತ್ತಿನಲ್ಲೂ ಮನುಷ್ಯ, ವಾಹನ, ಪರಿಸರ ಏನು ಮಾಡಿದವು ಎಂದು ಕೋಷ್ಟಕ ಹಾಕಿದರು. ನೋಡಲು ಮಗ್ಗಿ ಪುಸ್ತಕದಷ್ಟು ಸರಳ. ಆದರೆ ಆ ಕೋಷ್ಟಕವನ್ನು ನಮ್ಮ ದ್ವಿಚಕ್ರ ಸವಾರರ ಮೇಲೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸವಾರ ಬಿದ್ದ ಕ್ಷಣದಲ್ಲಿ ಅವನ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮಂಡಿ ತರಚಿಕೊಂಡು ಎದ್ದು ಬರುತ್ತಾನೋ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೋ ಎಂಬುದರ ಬಹುಪಾಲು ಗಾಡಿಯ ಕೀಲಿ ತಿರುಗಿಸುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ತಲೆ ಮೇಲೆ ಏನಿದೆ, ಹಿಂದೆ ಯಾರು ಹೇಗೆ ಕೂತಿದ್ದಾರೆ, ಹೊಟ್ಟೆಯಲ್ಲಿ ಏನಿದೆ, ರಸ್ತೆಯ ಪಕ್ಕದಲ್ಲಿ ಯಾರೋ ಏನನ್ನು ನಿಲ್ಲಿಸಿಹೋಗಿದ್ದಾರೆ ಎಂಬುದೆಲ್ಲ ಆಗಲೇ ಗೊತ್ತಾಗಿರುವ ಸಂಗತಿಗಳು.

‘ಇಲ್ಲೇ ಪಕ್ಕದ ಬೀದಿಗೆ ತಾನೆ’ ಎಂಬ ಮಾತಿನಿಂದ ಶುರುಮಾಡೋಣ. ಹಾಲು ತರಲು, ಮಗುವನ್ನು ಸ್ಕೂಲಿಗೆ ಬಿಡಲು ಹೊರಟವರ ಹೆಲ್ಮೆಟ್ ಗೋಡೆಯ ಮೊಳೆಯಲ್ಲೇ ಉಳಿಯುತ್ತದೆ, ಏಕೆಂದರೆ ವೇಗವೇ ಇಲ್ಲವಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಸಾಕು ಈ ನಂಬಿಕೆಯನ್ನು ಒರೆಗೆ ಹಚ್ಚಲು. ಸ್ಕೂಟರ್ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವಾಗ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ವೇಗ ಪಡೆದಿರುತ್ತದೆ. ಗಾಡಿ ನಿಂತೇ ಇದ್ದರೂ ಅಷ್ಟೆ, ಈ ವೇಗವನ್ನು ಕೊಡುವುದು ಎಂಜಿನ್ ಅಲ್ಲ, ಭೂಮಿ. ಬರಿ ತಲೆ ಸಿಮೆಂಟ್ ರಸ್ತೆಯ ಅಂಚಿಗೆ ಆ ವೇಗದಲ್ಲಿ ಬಡಿದರೆ ಬುರುಡೆ ಬಿರಿಯುವುದಕ್ಕೆ ಸಾಕು. ಇನ್ನು ವೇಗ ಸೇರಿದರಂತೂ ಲೆಕ್ಕ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. 40 ಕಿ.ಮೀ. ವೇಗದಲ್ಲಿ ಹೋಗಿ ಕಂಬಕ್ಕೆ ಗುದ್ದುವುದೂ ಎರಡು ಅಂತಸ್ತಿನ ಮನೆಯ ತಾರಸಿಯಿಂದ ಬೀಳುವುದೂ ಒಂದೇ, 60 ಕಿ.ಮೀ. ಆದರೆ ನಾಲ್ಕು ಅಂತಸ್ತನ್ನೂ ಮೀರುತ್ತದೆ. ವೇಗ ಒಂದೂವರೆ ಪಟ್ಟಾದರೆ ಪೆಟ್ಟಿನ ಶಕ್ತಿ ಎರಡೂಕಾಲು ಪಟ್ಟು. ನಾಲ್ಕನೆಯ ಮಹಡಿಯ ಅಂಚಿನಲ್ಲಿ ಮಗುವನ್ನು ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ಸ್ಕೂಟರಿನ ಮುಂಭಾಗದಲ್ಲಿ ನಿಲ್ಲಿಸಿಕೊಂಡು ಹೋಗುವಾಗ ಆ ಎತ್ತರ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಪಘಾತವೆಂದರೆ ನೂರು ಕಿ.ಮೀ. ವೇಗದ ಪುಂಡರ ವ್ಯವಹಾರ ಎಂಬ ಕಲ್ಪನೆಯನ್ನು ಕ್ಷೇತ್ರಾಧ್ಯಯನಗಳೂ ಒಪ್ಪುವುದಿಲ್ಲ. ಮೋಟಾರ್‌ಸೈಕಲ್ ಅಪಘಾತಗಳ ಬಗ್ಗೆ ಇಂದಿಗೂ ಉಲ್ಲೇಖವಾಗುವ ದೊಡ್ಡ ಅಧ್ಯಯನ ಲಾಸ್ ಏಂಜಲೀಸ್‌ನಲ್ಲಿ ನಡೆದು 1981ರಲ್ಲಿ ಪ್ರಕಟವಾದದ್ದು. ಅದನ್ನು ನಡೆಸಿದವರ ಹೆಸರು ಹ್ಯಾರಿ ಹರ್ಟ್. ಇಂಗ್ಲಿಷಿನಲ್ಲಿ ಆ ಪದಕ್ಕಿರುವ ಅರ್ಥ ಕಾಕತಾಳೀಯ. ಸುಮಾರು 900 ಅಪಘಾತಗಳ ಸ್ಥಳಕ್ಕೇ ಹೋಗಿ ಟೈರಿನ ಗುರುತು, ಹೆಲ್ಮೆಟ್ಟಿನ ಬಿರುಕುಗಳನ್ನೆಲ್ಲ ಪರೀಕ್ಷಿಸಿದ ಆ ತಂಡಕ್ಕೆ ಕಂಡದ್ದೇನೆಂದರೆ, ಗುದ್ದುವ ಕ್ಷಣದಲ್ಲಿ ನಡುಮಟ್ಟದ ಸವಾರನ ವೇಗ ಗಂಟೆಗೆ 35 ಕಿ.ಮೀ. ಆಸುಪಾಸು. ಅಂದರೆ ನಮ್ಮ ಯಾವುದೇ ಬಡಾವಣೆಯ ಮುಖ್ಯರಸ್ತೆಯ ವೇಗ. ಬೇರೆ ವಾಹನ ಒಳಗೊಂಡ ಅಪಘಾತಗಳಲ್ಲಿ ಸುಮಾರು ಮೂರನೇ ಎರಡು ಪಾಲು ಆ ವಾಹನದ ಚಾಲಕ ಬೈಕಿನವನ ದಾರಿಗೆ ಅಡ್ಡ ಬಂದದ್ದರಿಂದ ಆದಂಥವು. ತಪ್ಪಿನ ಲೆಕ್ಕದಲ್ಲಿ ಸವಾರ ಗೆದ್ದಿದ್ದ, ಪೆಟ್ಟಿನ ಲೆಕ್ಕದಲ್ಲಿ ಸೋತಿದ್ದ.

ಈಗ ನಮ್ಮ ದೇಶದ ಅಂಕಿಗಳು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಮಂದಿ ಸತ್ತರು. ಸತ್ತವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು ಶೇ 44.5. ಹೆಲ್ಮೆಟ್ ಧರಿಸದೆ ಇದ್ದು ಸತ್ತವರು 50,029 ಮಂದಿ. ಅವರಲ್ಲಿ 35,692 ಜನ ಓಡಿಸುತ್ತಿದ್ದವರು, 14,337 ಜನ ಹಿಂದೆ ಕೂತಿದ್ದವರು. ಈ ಅಂಕಿಯನ್ನು ಕೊಡುವಾಗ ಸಚಿವಾಲಯವೇ ಒಂದು ಎಚ್ಚರಿಕೆಯನ್ನೂ ಸೇರಿಸುತ್ತದೆ: ಹೆಲ್ಮೆಟ್ ಇಲ್ಲದಿರುವುದು ಅಪಘಾತಕ್ಕೆ ಕಾರಣವಲ್ಲ, ಪ್ರಾಣಾಂತಿಕ ಪೆಟ್ಟನ್ನು ತಪ್ಪಿಸುವುದರಲ್ಲಿ ಮಾತ್ರ ಅದರ ಪಾತ್ರ. ಈ ಲೇಖನದ ವಾದವೂ ಅದೇ. ಹಾಗೆಂದು ಆ ಐವತ್ತು ಸಾವಿರ ಜನರೂ ಹೆಲ್ಮೆಟ್ ಹಾಕಿದ್ದರೆ ಬದುಕುತ್ತಿದ್ದರು ಎನ್ನುವುದು ಉತ್ಪ್ರೇಕ್ಷೆ. ಲಾರಿಯ ಚಕ್ರದಡಿ ಎದೆ ಸಿಕ್ಕಿಕೊಂಡವರಿಗೆ ಹೆಲ್ಮೆಟ್ ಏನೂ ಮಾಡಲಾರದು. ಜಗತ್ತಿನ ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ತೂಗಿದ ಕಾಕ್ರೇನ್ ಸಂಸ್ಥೆಯ 2008ರ ಸಮೀಕ್ಷೆ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟೂ ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟೂ ತಗ್ಗಿಸುತ್ತದೆ ಎಂದಿತು. ಈ 42ನ್ನು ಆ 50,029ಕ್ಕೆ ಅನ್ವಯಿಸಿದರೆ, ತೀರಾ ಒರಟು ಲೆಕ್ಕದಲ್ಲಿ, ಒಂದೇ ವರ್ಷದಲ್ಲಿ 21,000 ಜೀವ. ರಸ್ತೆ ಒಂದಿಂಚೂ ಅಗಲವಾಗದೆ, ಒಂದು ಗುಂಡಿಯೂ ಮುಚ್ಚದೆ, ಒಬ್ಬ ಚಾಲಕನ ಬುದ್ಧಿಯೂ ತಿದ್ದದೆ ಉಳಿಯಬಹುದಾಗಿದ್ದ ಜೀವಗಳು ಇವು.

ವೈದ್ಯರಿಗೆ ಇದು ಹೊಸ ವಿಷಯವೇನಲ್ಲ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿದಾರಿಯೊಂದರಲ್ಲಿ ಸೈಕಲ್ ತುಳಿಯುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಟಿ.ಇ. ಲಾರೆನ್ಸ್ ಬೈಕಿನಿಂದ ಎಸೆಯಲ್ಪಟ್ಟರು. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಲೋಕವೆಲ್ಲ ಬಲ್ಲ ಅದೇ ಲಾರೆನ್ಸ್. ಆರು ದಿನ ಪ್ರಜ್ಞೆ ಇಲ್ಲದೆ ಮಲಗಿ ತೀರಿಕೊಂಡರು. ಅವರನ್ನು ನೋಡಿಕೊಂಡ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಆ ಸಾವು ಅವರನ್ನು ಕಾಡಿತು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಸೇನೆಯ ಸಂದೇಶ ಒಯ್ಯುವ ಬೈಕ್ ಸವಾರರು ಸಾಲುಸಾಲಾಗಿ ತಲೆಯೊಡೆದುಕೊಂಡು ಬರತೊಡಗಿದಾಗ ಕೇರ್ನ್ಸ್ ಲೆಕ್ಕ ಇಡಲು ತೊಡಗಿ, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬೈಕಿನಲ್ಲಿ ಸತ್ತವರು 2,279. ಹೆಲ್ಮೆಟ್ ಹಾಕಿಕೊಂಡು ಬಿದ್ದವರು ಅವರ ಕೈಗೆ ಸಿಕ್ಕಿದ್ದು ಏಳೇ ಜನ, ಏಳೂ ಜನ ಬದುಕಿದ್ದರು. ಸೇನೆ ಅದೇ ವರ್ಷ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಬ್ರಿಟನ್ನಿನ ಸಾಮಾನ್ಯ ಸವಾರನಿಗೆ ಅದು ಕಡ್ಡಾಯವಾದದ್ದು 1973ರಲ್ಲಿ, 32 ವರ್ಷಗಳ ನಂತರ. ಜನಪ್ರತಿನಿಧಿಗಳಿಗೆ ಪುರಾವೆ ತಲುಪುವುದು ಎಲ್ಲ ದೇಶದಲ್ಲೂ ನಿಧಾನವೇ. ನಮ್ಮಲ್ಲೂ ಹೆಲ್ಮೆಟ್ ನಿಯಮ ಎಷ್ಟೋ ಸಲ ಬಂದು, ಎದುರಾದ ಗಲಾಟೆಗೆ ಸಡಿಲಗೊಂಡು, ಮತ್ತೆ ಬಂತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ.

ಕಡ್ಡಾಯವಾದ ಮೇಲೆ ಬೆಂಗಳೂರಿನ ತಲೆಗಳ ಮೇಲೆ ಹೆಲ್ಮೆಟ್ ಬಂತು ನಿಜ. ಎಂಥ ಹೆಲ್ಮೆಟ್ ಎಂಬುದೇ ಈಗಿನ ಪ್ರಶ್ನೆ. ಹೆಲ್ಮೆಟ್ಟಿನ ಕೆಲಸ ಗಟ್ಟಿಯಾಗಿರುವುದು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಹೊರಗಿನ ಗಟ್ಟಿ ಕವಚ ಚೂಪಾದ್ದು ಒಳನುಗ್ಗದಂತೆ ತಡೆದು ಪೆಟ್ಟನ್ನು ಹರಡುತ್ತದೆ. ನಿಜವಾದ ಕೆಲಸ ಒಳಗಿನ ಥರ್ಮಾಕೋಲ್ ಪದರದ್ದು, ಅದು ಜಜ್ಜಿಹೋಗಬೇಕು. ಬರಿ ತಲೆ ನೆಲಕ್ಕೆ ಬಡಿದರೆ ಎರಡು ಮೂರು ಮಿಲಿಮೀಟರ್ ದೂರದಲ್ಲಿ ನಿಂತುಬಿಡಬೇಕಾಗುತ್ತದೆ. ಥರ್ಮಾಕೋಲ್ ಜಜ್ಜುತ್ತಾ ಹೋದರೆ ನಿಲ್ಲಲು ಎರಡು ಮೂರು ಸೆಂಟಿಮೀಟರ್ ಸಿಗುತ್ತದೆ. ನಿಲ್ಲುವ ದೂರ ಹತ್ತು ಪಟ್ಟಾದರೆ ಮಿದುಳಿನ ಮೇಲಿನ ಬಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಒಂದು ಸಲ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲವಾದ್ದರಿಂದಲೇ ಬಿದ್ದ ಹೆಲ್ಮೆಟ್ಟನ್ನು ಹೊರಗೆ ಗೀರಿಲ್ಲ ಎಂದು ಮತ್ತೆ ಹಾಕಬಾರದು ಎನ್ನುವುದು. ಈ ದೃಷ್ಟಿಯಿಂದ ನೋಡಿದರೆ, ಕಿವಿಯ ಮೇಲಕ್ಕೇ ಮುಗಿಯುವ, ಒಳಗೆ ಸ್ಪಂಜಿನ ತೆಳು ಪಟ್ಟಿ ಬಿಟ್ಟರೆ ಬೇರೇನೂ ಇಲ್ಲದ ಅರ್ಧ ಹೆಲ್ಮೆಟ್ ಎಂಬುದು ಪ್ಲಾಸ್ಟಿಕ್ ಟೋಪಿ ಮಾತ್ರ. ಅದು ಕಾಪಾಡುವುದು ದಂಡದಿಂದ. ಪೂರ್ತಿ ಹೆಲ್ಮೆಟ್ ಇದ್ದೂ ಗಲ್ಲದ ಪಟ್ಟಿ ಬಿಗಿಯದವರ ಕಥೆಯೂ ಬೇರೆಯಲ್ಲ: ಸವಾರ ನೆಲಕ್ಕೆ ಬೀಳುವ ಮುಂಚೆಯೇ ಹೆಲ್ಮೆಟ್ ಬೇರೆ ದಿಕ್ಕಿಗೆ ಹಾರಿರುತ್ತದೆ. ಹೆಲ್ಮೆಟ್ಟಿನ ಲಾಭವನ್ನೂ ಟೋಪಿಯ ಮಿತಿಯನ್ನೂ ಕಂಡ ದೇಶ ವಿಯೆಟ್ನಾಂ. ಅಲ್ಲಿ 2007ರ ಡಿಸೆಂಬರ್ 15ರಂದು ಎಲ್ಲ ರಸ್ತೆಗಳಲ್ಲೂ ಹೆಲ್ಮೆಟ್ ಕಡ್ಡಾಯವಾದಾಗ ಧರಿಸುವವರ ಪ್ರಮಾಣ ರಾತ್ರೋರಾತ್ರಿ ಶೇ 90 ದಾಟಿತು, ಆಸ್ಪತ್ರೆ ದಾಖಲೆಗಳಲ್ಲಿ ತಲೆಪೆಟ್ಟಿನ ಅಪಾಯ ಶೇ 16ರಷ್ಟೂ ಸಾವಿನ ಅಪಾಯ ಶೇ 18ರಷ್ಟೂ ಇಳಿದವು. ಕಾಕ್ರೇನ್ ಹೇಳಿದ 42ಕ್ಕೂ ಈ 18ಕ್ಕೂ ನಡುವೆ ಇಷ್ಟು ಅಂತರ ಏಕೆ? ಕಾರಣಗಳು ಹಲವಿರಬಹುದು, ಆದರೆ ಟೋಪಿಯಂಥ ನಕಲಿ ಹೆಲ್ಮೆಟ್ಟುಗಳು ಮಾರುಕಟ್ಟೆ ತುಂಬಿದ್ದು ಅವುಗಳಲ್ಲೊಂದು ಎಂಬುದನ್ನು ಊಹಿಸಲು ಹೆಚ್ಚು ಕಷ್ಟವಿಲ್ಲ.

ಹೆಲ್ಮೆಟ್ಟಿಗೆ ಇರುವ ಆಕ್ಷೇಪಗಳನ್ನು ತಳ್ಳಿಹಾಕುವುದು ಸರಿಯಲ್ಲ, ಕೆಲವು ನ್ಯಾಯವಾದವು. ಸೆಕೆ ಆಗುತ್ತದೆ ಎಂಬುದು ಕಲಬುರಗಿಯ ಏಪ್ರಿಲ್ ಕಂಡವರಿಗೆ ಗೊತ್ತಿರುವ ಸತ್ಯ. ಗಾಳಿಯಾಡುವ, ಹಗುರವಾದ ಹೆಲ್ಮೆಟ್ ಬೇಕೆಂದೇ ನಮ್ಮ ಮಾನದಂಡದಲ್ಲಿ ತೂಕದ ಮಿತಿಯನ್ನು 1.5 ಕೆ.ಜಿ.ಯಿಂದ 1.2 ಕೆ.ಜಿ.ಗೆ ಇಳಿಸಿದ್ದು. ಕುತ್ತಿಗೆಗೆ ಭಾರವಾಗಿ ಬೆನ್ನುಹುರಿಗೇ ಪೆಟ್ಟಾಗುತ್ತದೆ ಎಂಬ ಭಯಕ್ಕೆ ಮಾತ್ರ ಪುರಾವೆ ಸಿಕ್ಕಿಲ್ಲ. ಕಾಕ್ರೇನ್ ಸಮೀಕ್ಷೆ ಹುಡುಕಿ ನೋಡಿಯೂ ಕುತ್ತಿಗೆಯ ಅಪಾಯ ಹೆಚ್ಚಿದ್ದನ್ನು ಕಾಣಲಿಲ್ಲ. ಹಾರ್ನ್ ಕೇಳುವುದಿಲ್ಲ ಎಂಬ ದೂರು ಹಾರ್ನ್ ಕೇಳಿ ಕೇಳಿ ಕಿವುಡಾದ ನಗರದಲ್ಲಿ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ‘ನನ್ನ ತಲೆ, ನನ್ನಿಷ್ಟ’ ಎಂಬ ಸ್ವಾತಂತ್ರ್ಯವಾದ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಆದರೆ ಆ ತಲೆಗೆ ಪೆಟ್ಟಾದರೆ ಆರೈಕೆ ಮಾಡುವುದು ಹೆಂಡತಿ, ಸಾಲ ಮಾಡುವುದು ಅಪ್ಪ, ಐಸಿಯು ಹಾಸಿಗೆಗೆ ಕಾಯುವುದು ಇನ್ನೊಬ್ಬ ರೋಗಿ. ಒಬ್ಬನ ತಲೆ ಅಷ್ಟು ಒಬ್ಬನದೇ ಆಗಿರುವುದು ನಮ್ಮ ಮನೆಗಳಲ್ಲಿ ಅಪರೂಪ. ಕೊನೆಗೆ ಹಣೆಬರಹದ ವಾದವೊಂದಿದೆ. ಬರಹವನ್ನು ಯಾರು ಅಳಿಸಬಲ್ಲರೋ ಗೊತ್ತಿಲ್ಲ, ಹಣೆಯನ್ನಂತೂ ಒಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಾಪಾಡಿಕೊಳ್ಳಬಹುದು.

ಇಷ್ಟೆಲ್ಲ ಚರ್ಚೆಯಲ್ಲಿ ಮರೆತುಹೋಗುವುದು ಹಿಂದೆ ಕೂತವರು. ಆ 14,337 ಜನರಲ್ಲಿ ಯಾರೂ ಹ್ಯಾಂಡಲ್ ಹಿಡಿದಿರಲಿಲ್ಲ, ಬ್ರೇಕ್ ಅವರ ಕಾಲಿಗೆ ಎಟುಕುತ್ತಿರಲಿಲ್ಲ. ಮುಂದೆ ಏನು ಬರುತ್ತಿದೆ ಎಂದು ಓಡಿಸುವವನಿಗೆ ಒಂದು ಕ್ಷಣ ಮೊದಲಾದರೂ ತಿಳಿದಿರುತ್ತದೆ, ಮೈ ಬಿಗಿಹಿಡಿಯುತ್ತಾನೆ. ಹಿಂದಿನವರಿಗೆ ಅದೂ ಇಲ್ಲ. ಹಂಪ್ ಹಾರಿದಾಗ, ಗುಂಡಿಗೆ ಇಳಿದಾಗ ಹಿಡಿತ ತಪ್ಪಿ ಎಸೆಯಲ್ಪಡುವವರು ಅವರೇ. ಅದರಲ್ಲೂ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವ ಮಹಿಳೆಗೆ ಗಾಡಿಯನ್ನು ತೊಡೆಗಳಿಂದ ಹಿಡಿದುಕೊಳ್ಳುವ ಆಸರೆಯೂ ಇಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಇದ್ದರಂತೂ ಆಕೆ ಸೀಟಿನ ಮೇಲೆ ಇಟ್ಟ ಸಾಮಾನಿನಷ್ಟೇ ಅಭದ್ರ. ಸೀರೆಯ ಸೆರಗು, ಚೂಡಿದಾರದ ವೇಲ್ ಚಕ್ರಕ್ಕೆ ಸಿಕ್ಕಿಕೊಂಡರೆ ಬೀಳುವುದಷ್ಟೇ ಅಲ್ಲ, ಕುತ್ತಿಗೆಯೇ ಎಳೆಯಲ್ಪಡುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ಬಲ್ಲವು: ಹಿಂದಿನ ಸವಾರರಿಗೆ ಕೈಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಗಾರ್ಡ್ ಇರಲೇಬೇಕು ಎನ್ನುತ್ತವೆ. ಗಾಡಿಯ ‘ಲುಕ್’ ಕೆಡುತ್ತದೆಂದು ಆ ಗಾರ್ಡನ್ನು ಷೋರೂಂನಿಂದ ತಂದ ವಾರದಲ್ಲೇ ಬಿಚ್ಚಿಸುವವರು ತಾವು ಬಿಚ್ಚಿಸಿದ್ದು ಯಾರ ರಕ್ಷಣೆಯನ್ನು ಎಂದು ಯೋಚಿಸಿರುವುದಿಲ್ಲ. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಪಘಾತಕ್ಕೆ ಸಿಕ್ಕಾಗ ಗೆಳೆಯರ ಬೈಕಿನ ಹಿಂದೆ ಕೂತಿದ್ದರು. ಮಿದುಳಿಗಾದ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲಿಲ್ಲ. ಕುಟುಂಬದವರು ಅಂಗಾಂಗ ದಾನ ಮಾಡಿದರು. ಮಕ್ಕಳ ವಿಷಯದಲ್ಲಿ ಕಾನೂನು ಈಗ ಮುಂದೆ ಹೋಗಿದೆ. ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ಗಾಡಿಯ ವೇಗ 40 ಕಿ.ಮೀ. ಮೀರಬಾರದು. ಬೆಳಿಗ್ಗೆ ಎಂಟೂವರೆಗೆ ಯಾವುದೇ ಶಾಲೆಯ ಗೇಟಿನ ಮುಂದೆ ಹತ್ತು ನಿಮಿಷ ನಿಂತರೆ ಈ ನಿಯಮದ ಆರೋಗ್ಯ ತಿಳಿಯುತ್ತದೆ.

ಇಲ್ಲಿಯವರೆಗಿನ ಮಾತಿಗೆ ಒಂದು ಬಲವಾದ ಪ್ರತಿವಾದವಿದೆ: ‘ರಸ್ತೆ ತುಂಬ ಗುಂಡಿ, ದೀಪವಿಲ್ಲದ ಡಿವೈಡರ್, ಎದುರಿನಿಂದ ಬರುವವನು ಹೈಬೀಮ್ ಬಿಟ್ಟಿದ್ದಾನೆ. ಇದನ್ನೆಲ್ಲ ಸರಿಮಾಡದೆ ಬಿದ್ದವನಿಗೇ ಬುದ್ಧಿ ಹೇಳುತ್ತೀರಾ?’ ಈ ಸಿಟ್ಟು ನ್ಯಾಯವಾದದ್ದು. ಅಂಕಿಅಂಶಗಳು ಸವಾರನ ವಿರುದ್ಧ ಸ್ವಲ್ಪ ವಾಲಿಯೂ ಇವೆ. 2022ರ ಸಾವುಗಳಲ್ಲಿ ಶೇ 71ಕ್ಕೆ ‘ಅತಿವೇಗ’ ಕಾರಣ ಎಂದು ವರದಿ ಹೇಳುತ್ತದೆ. ಆದರೆ ಅದು ಘಟನೆಯ ನಂತರ ಸ್ಥಳಕ್ಕೆ ಬಂದ ಅಧಿಕಾರಿ ಪಟ್ಟಿಯಲ್ಲಿ ಗುರುತು ಹಾಕಿದ ಕಾರಣ, ಅಳೆದ ವೇಗವಲ್ಲ. ಗುಂಡಿ ತಪ್ಪಿಸಲು ಹೋಗಿ ಬಿದ್ದವನೂ ಆ ಪಟ್ಟಿಯಲ್ಲಿ ‘ಅತಿವೇಗ’ದವನೇ ಆಗಿಬಿಡಬಹುದು. ಆದರೆ ಪೆಟ್ಟಿನ ಲೆಕ್ಕ ಈ ಪ್ರತಿವಾದವನ್ನು ದುರ್ಬಲಗೊಳಿಸುವುದಿಲ್ಲ, ಇನ್ನಷ್ಟು ಬಲಪಡಿಸುತ್ತದೆ. ರೇಸ್ ಟ್ರ್ಯಾಕಿನಲ್ಲಿ 200 ಕಿ.ಮೀ. ವೇಗದಲ್ಲಿ ಜಾರಿಬಿದ್ದ ಸವಾರ ಅಷ್ಟು ದೂರ ಉಜ್ಜಿಕೊಂಡು ಹೋಗಿ ಎದ್ದು ನಿಲ್ಲುವುದನ್ನು ಟಿವಿಯಲ್ಲಿ ನೋಡಿರುತ್ತೇವೆ. ಅವನ ಮೈಮೇಲೆ ಚರ್ಮದ ಉಡುಪಿದೆ, ಸರಿ. ಅದಕ್ಕಿಂತ ಮುಖ್ಯವಾಗಿ ಅವನು ಹೋಗಿ ಗುದ್ದಲು ಅಲ್ಲಿ ಏನೂ ಇಲ್ಲ. ವೇಗ ಕೊಲ್ಲುವುದು ಅದು ಒಮ್ಮೆಲೇ ನಿಂತಾಗ. ನಮ್ಮ ರಸ್ತೆಯಲ್ಲಿ ನಿಲ್ಲಿಸುವ ವಸ್ತುಗಳಿಗೆ ಬರವಿಲ್ಲ: ಅಂಚಿಗೇ ನೆಟ್ಟ ವಿದ್ಯುತ್ ಕಂಬ, ಚೂಪು ಮೂಲೆಯ ಕಲ್ಲಿನ ಡಿವೈಡರ್, ಮುಚ್ಚಳ ಎದ್ದ ಮ್ಯಾನ್‌ಹೋಲ್. ಎಲ್ಲಕ್ಕಿಂತ ಘೋರವಾದದ್ದು ಹೆದ್ದಾರಿಯ ಬದಿಯಲ್ಲಿ ಹಿಂದಿನ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ರಾತ್ರಿ ನಿಂತ ಲಾರಿ. ಅದರ ಹಿಂಭಾಗ ಸವಾರನ ಎದೆ, ಮುಖದ ಎತ್ತರಕ್ಕೇ ಇರುತ್ತದೆ. ಚಕ್ರ ಕೆಳಗೆ ನುಗ್ಗುತ್ತದೆ, ತಲೆ ಮೇಲೆ ಸಿಕ್ಕಿಕೊಳ್ಳುತ್ತದೆ. ಎಂಥ ಹೆಲ್ಮೆಟ್ಟೂ ಇಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಪೆಟ್ಟಿನ ಲೆಕ್ಕ ಕೇಳುವವರು ಸವಾರನ ಹತ್ತಿರ ಮಾತ್ರ ಕೇಳಿ ಸುಮ್ಮನಾಗಲಾರರು. ಕಂಬ ನೆಟ್ಟ ಇಲಾಖೆ, ಡಿವೈಡರಿಗೆ ಬಣ್ಣ ಬಳಿಯದ ಗುತ್ತಿಗೆದಾರ, ಲಾರಿಯ ಮಾಲೀಕ ಎಲ್ಲರೂ ಆ ಕೋಷ್ಟಕದಲ್ಲಿದ್ದಾರೆ. ಆದರೂ ಒಂದು ಮಾತು. ಗುಂಡಿಯಿಂದ ಬೀಳುವುದು ನಿಶ್ಚಿತವಾದ ಊರಿನಲ್ಲಿ ಹೆಲ್ಮೆಟ್ ಇಲ್ಲದಿರಲು ಗುಂಡಿಯೇ ನೆಪವಾಗುವುದು ವಿಚಿತ್ರ ತರ್ಕ.

ಮದ್ಯದ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳಬೇಕಿಲ್ಲ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿ ಕಾರಿಗೂ ಬೈಕಿಗೂ ಒಂದೇ, ಆದರೆ ಕುಡಿದವನಿಗೆ ಕಾರು ತಾನಾಗಿ ಬೀಳುವುದಿಲ್ಲ, ಬೈಕು ಬೀಳುತ್ತದೆ. ಕಡಿಮೆ ಗೊತ್ತಿರುವುದು ಬಿದ್ದ ನಂತರದ ಅಪಾಯ. ತಲೆಪೆಟ್ಟಿನಿಂದ ಮಂಪರಾದವನ ಬಾಯಲ್ಲಿ ಮದ್ಯದ ವಾಸನೆ ಇದ್ದರೆ ‘ಕುಡಿದು ಮಲಗಿದ್ದಾನೆ, ಇಳಿದ ಮೇಲೆ ಏಳುತ್ತಾನೆ’ ಎಂದು ಜೊತೆಯವರೂ, ಕೆಲವೊಮ್ಮೆ ಆಸ್ಪತ್ರೆಯವರೂ ತಪ್ಪು ತಿಳಿಯುತ್ತಾರೆ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಬೆಳಗಾಗಿರುತ್ತದೆ.

ಸವಾರನ ಕಲಿಕೆಯ ಮಾತು ಇದಕ್ಕಿಂತ ಉದ್ದವಾಗಬೇಕು, ಏಕೆಂದರೆ ನಮ್ಮಲ್ಲಿ ಅದು ಇಲ್ಲವೇ ಇಲ್ಲ. ಲಾಸ್ ಏಂಜಲೀಸ್ ಅಧ್ಯಯನದಲ್ಲಿ ಅಪಘಾತಕ್ಕೀಡಾದವರ ಪೈಕಿ ಶೇ 92 ಮಂದಿ ತಾವೇ ಕಲಿತವರು ಅಥವಾ ಮನೆಯವರು, ಗೆಳೆಯರಿಂದ ಕಲಿತವರು. ನಮ್ಮ ಹುಡುಗರೂ ಮಾವನ ಹಳೆಯ ಗಾಡಿಯಲ್ಲಿ ಮೈದಾನದ ಸುತ್ತ ಕಲಿಯುತ್ತಾರೆ, ಆರ್‌ಟಿಒದಲ್ಲಿ ‘ಎಂಟು’ ಹಾಕಿ ತೋರಿಸಿ ಡಿಎಲ್ ಪಡೆಯುತ್ತಾರೆ. ಕಾಲೂರದೆ ನಿಧಾನವಾಗಿ ಎಂಟು ಸುತ್ತುವುದು ಸಮತೋಲದ ಪರೀಕ್ಷೆ. ಐವತ್ತರಲ್ಲಿ ಹೋಗುವಾಗ ಅಡ್ಡ ಬಂದ ಆಟೋಗೆ ಹೇಗೆ ನಿಲ್ಲಿಸಬೇಕು ಎಂಬುದರ ಪರೀಕ್ಷೆಯಲ್ಲ. ‘ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೀತೀಯ’ ಎಂಬ ಮೈದಾನದ ಉಪದೇಶ ಜೀವನಪೂರ್ತಿ ಉಳಿಯುತ್ತದೆ. ವಾಸ್ತವದಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಅಲ್ಲೇ ಇರುತ್ತದೆ. ಹಿಂದಿನ ಬ್ರೇಕನ್ನೇ ತುಳಿದವನ ಚಕ್ರ ಲಾಕ್ ಆಗಿ ಗಾಡಿ ಸ್ಕಿಡ್ ಆಗುತ್ತದೆ, ಗುದ್ದುವ ವೇಗವೂ ಅಷ್ಟಾಗಿ ಇಳಿಯುವುದಿಲ್ಲ. ಹರ್ಟ್ ಅವರ ತಂಡ ರಸ್ತೆಯ ಟೈರು ಗುರುತುಗಳಲ್ಲಿ ಓದಿದ್ದೂ ಇದನ್ನೇ. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕ ಗಾಡಿಗಳಿಗೆ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಸಾಕು ಎಂದಾಯಿತು. ಡೆಲಿವರಿ ಹುಡುಗರು, ಗಾರ್ಮೆಂಟ್ಸ್ ಕೆಲಸದವರು, ಮನೆಮಂದಿಯೆಲ್ಲ ಏರುವ ಸ್ಕೂಟರುಗಳು ಆ ಚಿಕ್ಕ ಗಾಡಿಗಳೇ.

ಕೊಲ್ಲುವುದು ತಲೆಪೆಟ್ಟಾದರೆ ಮೂಲೆಗೆ ಕೂರಿಸುವುದು ಕಾಲಿನ ಪೆಟ್ಟು. ಬೈಕು ಉರುಳಿದಾಗ ಮೊಣಕಾಲ ಕೆಳಗಿನ ಮೂಳೆ ಗಾಡಿಯ ಭಾರಕ್ಕೂ ರಸ್ತೆಗೂ ನಡುವೆ ಸಿಗುತ್ತದೆ. ಅಲ್ಲಿ ಮೂಳೆಯ ಮೇಲೆ ಮಾಂಸ ಕಡಿಮೆ, ಆದ್ದರಿಂದ ಮುರಿದದ್ದು ಚರ್ಮ ಸೀಳಿ ಹೊರಬರುತ್ತದೆ. ಹವಾಯಿ ಚಪ್ಪಲಿ ಇಲ್ಲಿ ಏನೂ ನೆರವಾಗದು. ಸರಳ ಮುರಿತಕ್ಕೆ ನಾಟಿವೈದ್ಯರ ಪುತ್ತೂರು ಕಟ್ಟು ಹಾಕಿಸಿಕೊಂಡು ಓಡಾಡಿದವರಿದ್ದಾರೆ ಎಂದು ಇಂಥ ತೆರೆದ ಗಾಯಕ್ಕೂ ಬಿಗಿಯಾಗಿ ಕಟ್ಟು ಕಟ್ಟಿಸಿ, ಕೊನೆಗೆ ಕಾಲನ್ನೇ ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ಇನ್ನು ಹ್ಯಾಡನ್ ಹೇಳಿದ ಮೂರನೆಯ ಹೊತ್ತು. ‘ಚೆನ್ನಾಗೇ ಮಾತಾಡ್ತಾ ಇದ್ದ, ಕಾಫಿ ಕೂಡ ಕುಡಿದ, ಆಮೇಲೆ ಇದ್ದಕ್ಕಿದ್ದ ಹಾಗೆ ಹೋಗ್ಬಿಟ್ಟ’ ಎಂಬ ಮಾತನ್ನು ಸಾವಿನ ಮನೆಯಲ್ಲಿ ಕೇಳಿರುತ್ತೇವೆ. ಅದರಲ್ಲಿ ನಿಗೂಢವೇನೂ ಇಲ್ಲ. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತನಾಳ ಹರಿದು ರಕ್ತ ಸಂಗ್ರಹವಾಗತೊಡಗಿದರೆ ಮೊದಮೊದಲು ಮನುಷ್ಯ ಸರಿಯಾಗಿಯೇ ಇರುತ್ತಾನೆ. ಒತ್ತಡ ಮಿತಿಮೀರಿದಾಗ ಕುಸಿಯುತ್ತಾನೆ. ಆ ನಡುವಿನ ಗಂಟೆಗಳಲ್ಲಿ ಸ್ಕ್ಯಾನ್ ಮಾಡಿ ಶಸ್ತ್ರಚಿಕಿತ್ಸೆಯಾದರೆ ಪೂರ್ತಿ ಗುಣವಾಗುವ ಪೆಟ್ಟು ಅದು. ನರಶಸ್ತ್ರಚಿಕಿತ್ಸಕರಿಲ್ಲದ ತಾಲ್ಲೂಕಿನಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಎಂದು ಚೀಟಿ ಹಿಡಿದು ಅಲೆಯುವಷ್ಟರಲ್ಲಿ ಆ ಗಂಟೆಗಳು ಕರಗುತ್ತವೆ. ಆದ್ದರಿಂದ ಎಲ್ಲಿ ಬಿದ್ದಿರಿ ಎಂಬುದೂ ಒಂದು ಅಪಾಯದ ಅಂಶವೇ. 2008ರ ನವೆಂಬರ್‌ನಿಂದ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಇದೆ. ನೆರವಿಗೆ ಬಂದವರನ್ನು ಪೊಲೀಸರು, ಆಸ್ಪತ್ರೆಯವರು ಪೀಡಿಸದಂತೆ ತಡೆಯಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಕಾಯ್ದೆಗೆ ಮುಂದಾಯಿತು, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ದೇಶಕ್ಕೆಲ್ಲ ಆ ರಕ್ಷಣೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಂತೆ ಅಪಘಾತವಾದ ಏಳು ದಿನದೊಳಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಹೀಗಿದ್ದೂ ಸೇರಿದ ಜನ ಮಾಡುವ ಮೊದಲ ಉಪಚಾರ ಎಚ್ಚರವಿಲ್ಲದವನ ಬಾಯಿಗೆ ನೀರು ಸುರಿಯುವುದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡನೆಯದು ಹೆಲ್ಮೆಟ್ಟನ್ನು ಜಗ್ಗಿ ಎಳೆಯುವುದು, ಮೂರನೆಯದು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಿಸಿ ಕೂರಿಸುವುದು. ಕುತ್ತಿಗೆಯ ಮೂಳೆ ಮುರಿದಿದ್ದರೆ, ಬಿದ್ದಾಗ ಉಳಿದುಕೊಂಡ ಬೆನ್ನುಹುರಿಗೂ ಹೀಗೆ ಎತ್ತಿದಾಗ ಪೆಟ್ಟಾಗಬಹುದು.

ಸರ್ಕಾರ ಈ ಕೋಷ್ಟಕದ ಎಷ್ಟು ಮನೆಗಳನ್ನು ನೋಡುತ್ತಿದೆ? ವಾರ್ಷಿಕ ವರದಿಯಲ್ಲಿ ಹೆಲ್ಮೆಟ್ ‘ಧರಿಸಿರಲಿಲ್ಲ’ ಎಂಬ ಅಂಕಣವಿದೆ, ಎಂಥದ್ದು ಧರಿಸಿದ್ದರು, ಪಟ್ಟಿ ಬಿಗಿದಿತ್ತೇ ಎಂಬುದಕ್ಕೆ ಅಂಕಣವಿಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ಅಪರಾಧ; ಭಾರತೀಯ ಮಾನಕ ಬ್ಯೂರೋ ಕಾಯ್ದೆಯಂತೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಹೆಲ್ಮೆಟ್ ಇಲ್ಲದ ಸವಾರನಿಗೆ ಕೇಂದ್ರದ ಕಾಯ್ದೆ 1,000 ರೂಪಾಯಿ ಇಟ್ಟಿತ್ತು, ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಸಿಗ್ನಲ್ಲಿನಲ್ಲಿ ಕ್ಯಾಮೆರಾ ಹಿಡಿಯುವುದು ಆ ಐನೂರರವನನ್ನು. ಎರಡು ಲಕ್ಷದವನು ಮುಂದಿನ ಫ್ಲೈಓವರಿನ ನೆರಳಲ್ಲಿ ನೀಲಿ ಟಾರ್ಪಾಲು ಹಾಸಿ, ಬಣ್ಣಬಣ್ಣದ ಅರ್ಧ ಹೆಲ್ಮೆಟ್ಟುಗಳನ್ನು ಗೋಪುರದ ಹಾಗೆ ಪೇರಿಸಿಟ್ಟುಕೊಂಡು ಕೂತಿರುತ್ತಾನೆ. ದಂಡದ ರಸೀದಿ ಜೇಬಿಗಿಳಿಸಿಕೊಂಡ ಸವಾರ ಮೊದಲು ಗಾಡಿ ನಿಲ್ಲಿಸುವುದು ಅಲ್ಲೇ.